ದವಡೆ ಹಲ್ಲಿಗೆ ಸ್ಟೀಲಿನ ವಾಟಿ

ಪಾತ್ರೆ ಅಂಗಡಿಯ ಗಲ್ಲೆಯ ಮೇಲೆ ಇಪ್ಪತ್ತೆರಡು ವರ್ಷ ಕೂತವನಿಗೆ ಸ್ಟೀಲ್ ತೋರಿಸಿ ಬೆರಗು ಹುಟ್ಟಿಸುವುದು ಸುಲಭವಲ್ಲ. ಆದರೂ ಅಂದು ಧಾರವಾಡದಲ್ಲಿ ಮಕ್ಕಳ ಹಲ್ಲಿನ ಡಾಕ್ಟರು ಮೇಜಿನ ಮೇಲೆ ಪೆಟ್ಟಿಗೆಯೊಂದನ್ನು ತೆರೆದಿಟ್ಟಾಗ ನಾನು ಕುರ್ಚಿಯ ತುದಿಗೆ ಬಂದು ಕೂತೆ. ಒಳಗೆ ಸಾಲುಸಾಲಾಗಿ ಪುಟ್ಟ ಬಟ್ಟಲುಗಳು, ಹುಳುಕು ಹಲ್ಲಿನ ಮೇಲೆ ತೊಡಿಸುವ ಕ್ಯಾಪುಗಳು. ನಮ್ಮ ಕಡೆ ವಾಟಿ ಎನ್ನುತ್ತೇವಲ್ಲ, ಅದನ್ನು ಇರುವೆಗಳ ಮದುವೆಗೆಂದು ಮಾಡಿಸಿದ ಹಾಗಿತ್ತು. ಪ್ರತಿಯೊಂದರ ಪಕ್ಕದಲ್ಲೂ ಒಂದು ಅಂಕಿ. ಮಕ್ಕಳ ಬಾಯಲ್ಲಿ ಹಾಲುಹಲ್ಲಿನ ದವಡೆಗಳು ಒಟ್ಟು ಎಂಟು. ಒಂದೊಂದಕ್ಕೂ 2ರಿಂದ 7ರವರೆಗೆ ಆರು ಅಳತೆ. ಮನಸ್ಸಿನಲ್ಲೇ ಗುಣಿಸಿದೆ: 48 ಬಗೆಯ ಸರಕು. ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಇಷ್ಟು ಸ್ಟಾಕು ಇಡುವ ಯೋಗ ನನಗೆ ಎಂದೂ ಬಂದಿಲ್ಲ.

ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಯಾವ ಸ್ಟೀಲ್ ಡಾಕ್ಟರೇ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ಅವರಿಗೆ ಬೇರೆ ಯಾವ ತಂದೆಯೂ ಕೇಳಿರಲಿಕ್ಕಿಲ್ಲ. ನಕ್ಕು, ಡಬ್ಬಿಯ ಜೊತೆ ಬಂದಿದ್ದ ಕಾಗದ ಹುಡುಕಿ ಕೊಟ್ಟರು. ನೂರಕ್ಕೆ ಹದಿನೆಂಟರ ಆಸುಪಾಸು ಕ್ರೋಮಿಯಂ, ಹತ್ತರ ಆಸುಪಾಸು ನಿಕಲ್, ಉಳಿದದ್ದು ಬಹುಪಾಲು ಕಬ್ಬಿಣ. ನನ್ನ ಅಂಗಡಿಯ ಒಳ್ಳೆಯ ಲೋಟದ ಕುಲವೇ. ಅಷ್ಟರಲ್ಲಿ ನನ್ನ ಅರ್ಧ ಹೆದರಿಕೆ ಇಳಿದಿತ್ತು. ನನ್ನ ಹೆಂಡತಿಯ ಹೆದರಿಕೆ ಮಾತ್ರ ಆಗಷ್ಟೇ ಶುರುವಾಗಿತ್ತು.

ನಾವು ಅಲ್ಲಿಯವರೆಗೆ ಬಂದದ್ದು ಸುತ್ತುಬಳಸಿನ ದಾರಿಯಲ್ಲಿ. ಮಗಳಿಗೆ ಆಗ ಐದೂವರೆ ವರ್ಷ. ಮೂರು ವರ್ಷ ತುಂಬುವವರೆಗೂ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿದ್ದರೇ ಅವಳಿಗೆ ನಿದ್ದೆ. ಅಂಗಡಿಗೆ ಕರೆತಂದರೆ ಅಕ್ಕಪಕ್ಕದ ಅಂಗಡಿಯವರು ಒಬ್ಬೊಬ್ಬರೂ ಒಂದೊಂದು ಚಾಕಲೇಟ್ ಕೊಡುವವರು. ಗೋಕಾಕದ ಬೀಗರು ಬಂದರೆ ಕರದಂಟು. ಬೆಲ್ಲ ಮತ್ತು ಅಂಟು ಸೇರಿದ ಆ ಉಂಡಿ ದವಡೆಗೆ ಹಿಡಿದರೆ ಬೆರಳು ಹಾಕಿದರೂ ಬಿಡುವುದಿಲ್ಲ. ಕೆಳಗಿನ ಬಲದವಡೆಯಲ್ಲಿ ಕಪ್ಪು ಚುಕ್ಕೆ ಕಂಡಾಗ ನಮ್ಮ ಓಣಿಯ ಸಮೀಪದ ದವಾಖಾನೆಗೆ ಕರೆದೊಯ್ದೆ. ಸಿಮೆಂಟ್ ತುಂಬಿ ಕಳಿಸಿದರು. ಎರಡೇ ತಿಂಗಳಿಗೆ ಅದು ರೊಟ್ಟಿಯ ಜೊತೆ ಹೊಟ್ಟೆ ಸೇರಿತು. ಮತ್ತೆ ತುಂಬಿದರು, ಮತ್ತೆ ಉದುರಿತು. ಮೂರನೆಯ ಸಲ ಹೋದಾಗ ಅಲ್ಲಿನವರು, "ಹಾಲುಹಲ್ಲು ತಾನೇ, ಹೇಗೂ ಬಿದ್ದು ಹೋಗುವುದು. ನೋವಾದರೆ ತನ್ನಿ, ಕಿತ್ತುಬಿಡೋಣ" ಎಂದರು.

ಬೀಳುವುದು ಯಾವಾಗ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಹಲ್ಲುಗಳ ಹಾಗೆ ಏಳೆಂಟು ವರ್ಷಕ್ಕೆ ಎಲ್ಲವೂ ಬೀಳುತ್ತವೆ ಎಂದೇ ನಾನು ತಿಳಿದಿದ್ದೆ. ಧಾರವಾಡದ ಡಾಕ್ಟರು ಎಕ್ಸ್‌ರೇ ಹಿಡಿದು ವಿವರಿಸಿದಾಗಲೇ ಲೆಕ್ಕ ತಿಳಿದದ್ದು. ಹಾಲುಹಲ್ಲಿನ ಮೊದಲ ದವಡೆ ಬೀಳುವುದು ಒಂಬತ್ತರಿಂದ ಹನ್ನೊಂದನೆಯ ವಯಸ್ಸಿನಲ್ಲಿ, ಅದರ ಹಿಂದಿನ ಎರಡನೆಯ ದವಡೆ ಬೀಳುವುದು ಹತ್ತರಿಂದ ಹನ್ನೆರಡರಲ್ಲಿ. ಐದೂವರೆ ವರ್ಷದ ಹುಡುಗಿ ಇನ್ನೂ ಐದಾರು ವರ್ಷ ಇದೇ ಹಲ್ಲಿನಲ್ಲಿ ರೊಟ್ಟಿ ಅಗಿಯಬೇಕು. ಅಷ್ಟೇ ಅಲ್ಲ, ಆರನೆಯ ವರ್ಷದ ಸುಮಾರಿಗೆ ಅದರ ಬೆನ್ನಿಗೇ ಶಾಶ್ವತ ದವಡೆ ಹುಟ್ಟುತ್ತದೆ. ಮುಂದಿನದನ್ನು ಕಿತ್ತು ಜಾಗ ಖಾಲಿ ಬಿಟ್ಟರೆ ಹಿಂದಿನದು ಮುಂದಕ್ಕೆ ವಾಲುತ್ತದೆ. ಆಮೇಲೆ ಹುಟ್ಟುವ ಹಲ್ಲಿಗೆ ದಾರಿ ಇರುವುದಿಲ್ಲ. ಬಸ್ಸಿನಲ್ಲಿ ಟವೆಲ್ ಹಾಕದೆ ಎದ್ದುಹೋದವನ ಸೀಟಿನ ಗತಿ.

ಬಾಯಿ ಪೂರ್ತಿ ನೋಡಿದ ಮೇಲೆ ಒಂದಲ್ಲ, ಮೂರು ಹಲ್ಲು ಲೆಕ್ಕಕ್ಕೆ ಬಂದವು. ಕೆಳಗೆ ಬಲಕ್ಕೆ ಎರಡನೆಯ ದವಡೆ: ಹುಳುಕು ನರದ ತನಕ ಇಳಿದಿತ್ತು. ಕೆಳಗೆ ಎಡಕ್ಕೆ ಮೊದಲ ದವಡೆ: ಪಕ್ಕದ ಗೋಡೆಯೇ ಕುಸಿದಿತ್ತು. ಮೇಲೆ ಎಡಕ್ಕೆ ಎರಡನೆಯ ದವಡೆ: ಹೊರಗಿನಿಂದ ಏನೂ ಕಾಣದು, ಎಕ್ಸ್‌ರೇಯಲ್ಲಿ ಎರಡು ಹಲ್ಲು ತಾಗುವ ಸಂದಿಯಲ್ಲಿ ನೆರಳು. ಹೀಗೆ ಪಕ್ಕದ ಗೋಡೆ ಹೋದ ಹಾಲುಹಲ್ಲಿಗೆ ಸಿಮೆಂಟು ತುಂಬಿದರೆ ನಿಲ್ಲುವುದು ಕಷ್ಟ, ಇಡೀ ಹಲ್ಲನ್ನು ಮುಚ್ಚುವುದೇ ಒಳ್ಳೆಯದು ಎಂದರು. ಅವರು ಕ್ರೌನ್ ಎನ್ನುತ್ತಿದ್ದರು. ನಮಗೆಲ್ಲ ಅದು ಕ್ಯಾಪ್.

ಯಾವ ಕ್ಯಾಪ್ ಎಂಬ ಪ್ರಶ್ನೆ ಎದ್ದದ್ದು ಆಗಲೇ. ಪೆಟ್ಟಿಗೆಯ ಸ್ಟೀಲ್ ಕ್ಯಾಪ್ ಒಂದು. ಬಿಳಿಯ ಜಿರ್ಕೋನಿಯಾ ಇನ್ನೊಂದು. ಸ್ಟೀಲಿನ ಮೇಲೆ ಬಿಳಿ ಮೆತ್ತಿದ ಬಗೆಯೂ ಉಂಟು. ಆ ಮೆತ್ತಿಗೆ ಚಕ್ಕೆ ಏಳುತ್ತದೆಯೆಂದು ಅವರೇ ಅದನ್ನು ಬದಿಗೆ ಸರಿಸಿದರು. ನಾನೂ ಮರುಮಾತಾಡಲಿಲ್ಲ, ಎನಾಮಲ್ ಪಾತ್ರೆಗಳ ಬಾಳು ನೋಡಿದವನು. ನಾಲ್ಕು ವರ್ಷದ ಹಿಂದಿನ ಮಾತು, ಅಲ್ಲಿ ನಮಗೆ ಹೇಳಿದ ದರ: ಸ್ಟೀಲಿಗೆ 1,800, ಜಿರ್ಕೋನಿಯಾಕ್ಕೆ 6,000 ರೂಪಾಯಿ. ನರದ ಕೆಲಸಕ್ಕೆ ಬೇರೆ.

"ಹೆಣ್ಣುಮಗು. ನಕ್ಕರೆ ಬಾಯಲ್ಲಿ ತಗಡು ಕಾಣಬೇಕೇ?" ಎಂದು ನನ್ನ ಹೆಂಡತಿ ಕೇಳಿದಳು. ಮನೆಯಲ್ಲಿ ಅವ್ವನದು ಮೂರನೆಯ ಪಕ್ಷ. ಅವಳ ಚಿಕ್ಕಂದಿನಲ್ಲಿ ಊರ ಸಾಹುಕಾರರು ನಕ್ಕರೆ ಬಂಗಾರದ ಹಲ್ಲು ಮಿಂಚುತ್ತಿತ್ತಂತೆ. "ಮಾಡಿಸುವುದಾದರೆ ಬಂಗಾರದ್ದೇ ಮಾಡಿಸು. ಬಿದ್ದ ಮೇಲಾದರೂ ಕಿವಿಗೆ ಓಲೆ ಆಗುತ್ತದೆ" ಎಂದಳು. ಮೂರೂ ಸಲಹೆಗಳಲ್ಲಿ ಹೂಡಿಕೆಯ ಲೆಕ್ಕಕ್ಕೆ ಅದೇ ಮೇಲು.

ಎರಡನೆಯ ಭೇಟಿಯಲ್ಲಿ ಡಾಕ್ಟರು ಎರಡೂ ಕ್ಯಾಪನ್ನು ನನ್ನ ಅಂಗೈಯಲ್ಲಿಟ್ಟು ವ್ಯತ್ಯಾಸ ತಿಳಿಸಿದರು. ಸ್ಟೀಲಿನದು ತೆಳು, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದಪ್ಪ. ಹಾಲುಹಲ್ಲಿನ ದವಡೆಗೆ ಒಸಡಿನ ಹತ್ತಿರ ಒಂದು ಉಬ್ಬು ಇರುತ್ತದೆ. ಕ್ಯಾಪಿನ ಅಂಚನ್ನು ಸಣ್ಣ ಇಕ್ಕಳದಿಂದ ಒಳಕ್ಕೆ ಮಡಿಸಿದರೆ ಅದು ಆ ಉಬ್ಬು ದಾಟಿ ಕೆಳಗೆ ಹೋಗಿ ಟಕ್ಕೆಂದು ಕಚ್ಚಿ ಕೂರುತ್ತದೆ. ಹಲ್ಲಿನ ತಲೆಯನ್ನು ಒಂದು, ಒಂದೂವರೆ ಮಿಲಿಮೀಟರ್ ಇಳಿಸಿ, ಅಕ್ಕಪಕ್ಕದ ಹಲ್ಲಿಗೆ ತಾಗುವ ಕಡೆ ಸ್ವಲ್ಪ ಸವರಿದರೆ ಸಾಕು. ಜಿರ್ಕೋನಿಯಾ ಪಿಂಗಾಣಿಯ ಕುಲದ್ದು, ಆದರೆ ಬಹಳ ಗಟ್ಟಿ. ಅದು ಬಾಗುವುದಿಲ್ಲ, ಗೋಡೆಯೂ ದಪ್ಪ. ಆದ್ದರಿಂದ ಹಲ್ಲನ್ನೇ ಸುತ್ತಲೂ ಒಸಡಿನ ಕೆಳಗಿನ ತನಕ ಸವೆಸಿ, ಕ್ಯಾಪ್ ಒತ್ತಡವಿಲ್ಲದೆ ಜಾರಿ ಕೂರುವ ಹಾಗೆ ಮಾಡಬೇಕು. ಒತ್ತಿ ತೂರಿಸಲು ಹೋದರೆ ಬಿರುಕು ಬಿಡಬಹುದು.

"ಸ್ಟೀಲನ್ನು ಹಲ್ಲಿಗೆ ಹೊಂದಿಸುತ್ತೇವೆ, ಜಿರ್ಕೋನಿಯಾಕ್ಕೆ ಹಲ್ಲನ್ನೇ ಹೊಂದಿಸುತ್ತೇವೆ" ಎಂದರು ಡಾಕ್ಟರು.

ನನಗೆ ಅಷ್ಟು ಸಾಕಾಯಿತು. ಸ್ಟೀಲ್ ಡಬ್ಬಿಯ ಮುಚ್ಚಳ ಸಡಿಲವಾದರೆ ಗಿರಾಕಿಯ ಎದುರೇ ಅಂಚು ಒತ್ತಿ ಬಿಗಿ ಮಾಡಿ ಕೊಡುತ್ತೇನೆ. ಉಪ್ಪಿನಕಾಯಿಯ ಭರಣಿಗೆ ಆ ಉಪಚಾರ ನಡೆಯುವುದಿಲ್ಲ. ಆದರೆ ಬಿಳಿಯ ಪಕ್ಷದ ಮಾತನ್ನೂ ಅವರು ಮುಚ್ಚಿಡಲಿಲ್ಲ. ಜಿರ್ಕೋನಿಯಾದ ಮೈ ಬಹಳ ನುಣುಪು, ಕೊಳೆ ಅಂಟುವುದು ಕಡಿಮೆ, ಒಸಡು ಚೆನ್ನಾಗಿರುತ್ತದೆ. ಮಗು ಸ್ವಲ್ಪ ಹೊತ್ತು ಬಾಯಿ ತೆರೆದು ಕೂರುವುದಾದರೆ ಅದೂ ಒಳ್ಳೆಯದೇ ಎಂದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ನಕಲಿ ಓಲೆ ಹಾಕಿದರೆ ಮಗುವಿನ ಕಿವಿ ಕೆರೆಯುತ್ತದೆಯೇ ಅಮ್ಮಾ?" ಎಂದು ಕೇಳಿದರು. ಮಗಳಿಗೆ ಹಾಗೇನೂ ಇರಲಿಲ್ಲ. ಇವಳಿಗಿತ್ತು. ಹತ್ತು ರೂಪಾಯಿಯ ಓಲೆ ಹಾಕಿದರೆ ಸಂಜೆಗೆ ಕಿವಿ ಕೆಂಪು. ಅದು ನಿಕಲ್ ಒಗ್ಗದಿರುವುದು. ಮಗುವಿಗೇ ಇದ್ದಿದ್ದರೆ ಸ್ಟೀಲಿನ ಮಾತೇ ಎತ್ತುತ್ತಿರಲಿಲ್ಲವಂತೆ. ಹೆಂಡತಿ ನನ್ನ ಮುಖ ನೋಡಿದಳು. ಆ ನೋಟಕ್ಕೆ ನಾನು ಸೋತೆ. ಒಪ್ಪಂದ ಹೀಗಾಯಿತು: ಹಿಂದಿನ ಎರಡು ಹಲ್ಲಿಗೆ ಸ್ಟೀಲ್. ಎಡಗಡೆಯ ಮೊದಲ ದವಡೆ ನಕ್ಕಾಗ ಕಾಣುತ್ತದೆ, ಅದಕ್ಕೆ ಬಿಳಿ.

ಮೊದಲು ಬಲಗಡೆಯದು. ಇಂಜೆಕ್ಷನ್ನಿಗೆ ಡಾಕ್ಟರು "ಹಲ್ಲನ್ನು ಮಲಗಿಸುವ ನೀರು" ಎಂದು ಹೆಸರಿಟ್ಟಿದ್ದರು. ಪ್ರತಿ ಸಾಧನವನ್ನೂ ಮೊದಲು ಹೇಳಿ, ಬೆರಳಿನ ಮೇಲೆ ಆಡಿಸಿ ತೋರಿಸಿ, ಆಮೇಲಷ್ಟೇ ಬಾಯಿಗೆ ತರುತ್ತಿದ್ದರು. ಮಗಳು ಅತ್ತಳು, ಆದರೆ ಬಾಯಿ ತೆರೆದುಕೊಂಡೇ ಅತ್ತಳು. ಹಲ್ಲಿನ ತಲೆಯೊಳಗಿನ ನರವನ್ನು ಮಾತ್ರ ತೆಗೆದು, ಒದ್ದೆ ಹತ್ತಿ ಒತ್ತಿ ಕೆಲವು ನಿಮಿಷ ಕಾದರು. ರಕ್ತ ನಿಂತರೆ ಬೇರಿನ ನರ ಆರೋಗ್ಯವಾಗಿದೆ ಎಂದು ಅರ್ಥ; ನಿಲ್ಲದಿದ್ದರೆ ಬೇರಿನ ತನಕ ಹೋಗಬೇಕು. ನಾನು ಗಡಿಯಾರ ನೋಡುತ್ತ ನಿಂತೆ. ನಿಂತಿತು. ಮೇಲೆ ಎಂಟಿಎ ಎಂಬ ಬೂದು ಪುಡಿಯನ್ನು ಕಲಸಿ ಇಟ್ಟರು. ಅದು ಮನೆ ಕಟ್ಟುವ ಸಿಮೆಂಟಿನ ಬಂಧುವೇ ಎಂದು ಆಮೇಲೆ ತಿಳಿಯಿತು. ಕ್ಯಾಪ್ 4ನೆಯ ಅಳತೆ ಸಡಿಲ, 3 ಸರಿ. ಇಕ್ಕಳದಿಂದ ಅಂಚು ಮಡಿಸಿ ಒತ್ತಿದಾಗ ಕೇಳಿದ ಆ ಟಕ್ ಸದ್ದು ನನಗೆ ಪರಿಚಿತವಾದದ್ದು. ತಿಂಡಿ ಡಬ್ಬಿ ಸರಿಯಾಗಿ ಮುಚ್ಚಿಕೊಂಡ ಸದ್ದು.

ತಪ್ಪಾದದ್ದು ಅಲ್ಲಿಂದ ಹೊರಬಂದ ಮೇಲೆ, ಅದೂ ನಮ್ಮಿಂದಲೇ. ಎರಡು ಮೂರು ಗಂಟೆ ಏನೂ ಅಗಿಯಲು ಕೊಡಬೇಡಿ, ತುಟಿಗೆ ಸ್ಪರ್ಶವಿರುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಹುಬ್ಬಳ್ಳಿಗೆ ಹಿಂತಿರುಗುವ ಚಿಗರಿ ಬಸ್ಸಿನಲ್ಲಿ ಹಸಿವೆಂದು ಅವಳು ಹಟ ಮಾಡಿದಳು, ನಾನು ಒಂದು ಬಿಸ್ಕತ್ತು ಕೊಟ್ಟೆ. ಬಿಸ್ಕತ್ತಿನ ಜೊತೆ ಕೆಳದುಟಿಯನ್ನೂ ಅಗಿದಳು. ರಾತ್ರಿಗೆ ತುಟಿ ಬದನೆಕಾಯಿಯಷ್ಟು ಊದಿತು, ಮರುದಿನ ಬಿಳಿಯ ಗಾಯ. ಕೀವು ತುಂಬಿದೆ ಎಂದು ಅವ್ವ, ಕ್ಯಾಪಿನ ವಿಷ ಏರಿದೆ ಎಂದು ಪಕ್ಕದ ಮನೆಯವರು. ಫೋಟೋ ಕಳಿಸಿದಾಗ ಡಾಕ್ಟರು, "ಕಚ್ಚಿಕೊಂಡಿದ್ದಾಳೆ, ವಾರದಲ್ಲಿ ಮಾಯುತ್ತದೆ. ಬಿಸ್ಕತ್ತು ಕೊಟ್ಟವರು ಯಾರು?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ಎಡಗಡೆಯ ಬಿಳಿ ಕ್ಯಾಪ್ ದೊಡ್ಡ ಪರೀಕ್ಷೆ. ಸ್ಟೀಲಿನದು, ನರದ ಕೆಲಸ ಸೇರಿ, ಮುಕ್ಕಾಲು ಗಂಟೆ. ನರದ ಕೆಲಸವಿಲ್ಲದ ಈ ಹಲ್ಲಿಗೆ ಒಂದು ಗಂಟೆ ಹತ್ತು ನಿಮಿಷ. ಸವೆಸುವುದು, ಗುಲಾಬಿ ಬಣ್ಣದ ಅಳತೆಯ ಕ್ಯಾಪ್ ಇಟ್ಟು ನೋಡುವುದು, ತೆಗೆಯುವುದು, ಮತ್ತೆ ಸವೆಸುವುದು. ನಿಜವಾದ ಬಿಳಿ ಕ್ಯಾಪಿನ ಒಳಮೈಗೆ ಉಗುಳು ರಕ್ತ ತಾಗಿದರೆ ಸಿಮೆಂಟಿನ ಹಿಡಿತ ಕೆಡುತ್ತದೆ, ಅದಕ್ಕೇ ಈ ಗುಲಾಬಿ ನಟ. ಒಸಡಿನ ಕೆಳಗಿನ ತನಕ ಸವೆಸಿದ್ದರಿಂದ ರಕ್ತ ಜಿನುಗುತ್ತಲೇ ಇತ್ತು. ಅದು ನಿಲ್ಲುವವರೆಗೆ ಒತ್ತಿ ಹಿಡಿದು ಕಾಯಬೇಕು. ನಲವತ್ತನೆಯ ನಿಮಿಷಕ್ಕೆ ಮಗಳ ತಾಳ್ಮೆ ಮುಗಿಯಿತು. ಕಾಲು ಝಾಡಿಸಿದಳು, ನರ್ಸಮ್ಮನ ಬೆರಳು ಕಚ್ಚಿದಳು. ಬಿಳಿ ಬೇಕೆಂದು ಹಟ ಹಿಡಿದಿದ್ದ ತಾಯಿ ಆಗ ಹೊರಗೆ ಹೋಗಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಕೊನೆಗೆ ಕ್ಯಾಪ್ ಕೂತ ಮೇಲೆ ನಾನೂ ಒಪ್ಪಿದೆ: ಎಲ್ಲಿ ಹಲ್ಲು ಮುಗಿಯುತ್ತದೆ, ಎಲ್ಲಿ ಕ್ಯಾಪ್ ಶುರುವಾಗುತ್ತದೆ ಎಂದು ನಾನಂತೂ ಹೇಳಲಾರೆ. ಪಕ್ಕದ ನಿಜವಾದ ಹಲ್ಲೇ ಅದರ ಮುಂದೆ ತುಸು ಹಳದಿಯಾಗಿ ಕಂಡಿತು.

ಮೂರನೆಯ ಹಲ್ಲಿನ ವಿಚಾರ ಕೇಳಿದಾಗ ನಾನು ನಂಬಲಿಲ್ಲ. ಇಂಜೆಕ್ಷನ್ ಬೇಡ, ಹಲ್ಲು ಕೊರೆಯುವುದೂ ಬೇಡ, ಹುಳುಕನ್ನು ತೆಗೆಯುವುದೂ ಬೇಡ. ಸಿಮೆಂಟ್ ತುಂಬಿದ ಸ್ಟೀಲ್ ಕ್ಯಾಪನ್ನು ಹಾಗೆಯೇ ಹಲ್ಲಿನ ಮೇಲೆ ಒತ್ತಿ ಕೂರಿಸುವುದು. ಇದಕ್ಕೆ ಹಾಲ್ ವಿಧಾನ ಎಂದು ಹೆಸರು. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಎಂಬ ದಂತವೈದ್ಯೆ ತಮ್ಮ ದವಾಖಾನೆಯಲ್ಲಿ ವರ್ಷಗಟ್ಟಲೆ ಹೀಗೆ ಮಾಡುತ್ತಿದ್ದರು. ಅಲ್ಲಿನ ಡಂಡೀ ನಗರದ ದಂತ ವಿದ್ಯಾಲಯದವರು ಅವರ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಆಮೇಲಿನ ಅಧ್ಯಯನಗಳಲ್ಲೂ ಅದು ಸಿಮೆಂಟ್ ತುಂಬಿಸುವುದಕ್ಕಿಂತ ಚೆನ್ನಾಗಿ ಬಾಳಿತು. ಸ್ಟೀಲ್ ಕ್ಯಾಪ್ ಅದಕ್ಕೂ ಹಳೆಯದು, 1950ರಿಂದಲೇ ಮಕ್ಕಳ ಬಾಯಲ್ಲಿದೆ. ಇವನ್ನೆಲ್ಲ ನಾನು ಅಂಗಡಿಯಲ್ಲಿ ಮಧ್ಯಾಹ್ನದ ಗಿರಾಕಿಯಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಓದಿಕೊಂಡೆ. ಓದಿದರೂ ಮನಸ್ಸು ಒಪ್ಪಲಿಲ್ಲ. ಕೊಳೆತದ್ದನ್ನು ಒಳಗೇ ಇಟ್ಟು ಮುಚ್ಚಳ ಹಾಕುವುದೇ? ಬೂಷ್ಟು ಬಂದ ಉಪ್ಪಿನಕಾಯಿಗೆ ಯಾರಾದರೂ ಹಾಗೆ ಮಾಡುತ್ತಾರೆಯೇ?

ಇದನ್ನೇ ಕೇಳಿದೆ. ಡಾಕ್ಟರು ಕೋಪಿಸಿಕೊಳ್ಳಲಿಲ್ಲ. "ಹುಳುಕಿನ ಕ್ರಿಮಿಗಳು ಬದುಕುವುದು ನಾವು ತಿನ್ನುವ ಸಕ್ಕರೆಯಿಂದ. ಗಾಳಿಯಾಡದಂತೆ ಮುಚ್ಚಿದರೆ ಅವುಗಳಿಗೆ ಊಟ ನಿಂತಿತು, ಹುಳುಕೂ ನಿಂತಿತು. ನರಕ್ಕೆ ಮುಟ್ಟಿದ್ದರೆ, ಕೀವು ಇದ್ದಿದ್ದರೆ, ರಾತ್ರಿ ನೋವಿನಿಂದ ಏಳುತ್ತಿದ್ದರೆ ಈ ಮಾತು ಹೇಳುತ್ತಲೇ ಇರಲಿಲ್ಲ" ಎಂದರು. ಬಲಗಡೆಯ ಹಲ್ಲಿಗೆ ಹೀಗೆ ಯಾಕೆ ಮಾಡಲಿಲ್ಲ ಎಂಬುದಕ್ಕೂ ಅದರಲ್ಲೇ ಉತ್ತರವಿತ್ತು.

ಮೊದಲ ದಿನ ಹಲ್ಲುಗಳ ಸಂದಿಯಲ್ಲಿ ಎರಡು ಪುಟ್ಟ ರಬ್ಬರ್ ಉಂಗುರ ಸಿಕ್ಕಿಸಿ ಕಳಿಸಿದರು, ಕ್ಯಾಪಿಗೆ ಜಾಗವಾಗಲೆಂದು. ಮರುದಿನ ಒಂದು ಕಾಣೆ. ಮನೆಯೆಲ್ಲ ಕಸಬರಿಗೆ ಆಡಿಸಿ ಹುಡುಕಿದ ಮೇಲೆ ಅದು ನುಂಗಿ ಹೋಗಿದೆ ಎಂದು ತೀರ್ಮಾನವಾಯಿತು. ಏನೂ ಆಗುವುದಿಲ್ಲ, ಹೊರಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿ ಇನ್ನೊಂದು ಹಾಕಿದರು. ನಾಲ್ಕು ದಿನ ಬಿಟ್ಟು ಹೋದಾಗ ಉಂಗುರ ತೆಗೆದು, ಕ್ಯಾಪಿಗೆ ಸಿಮೆಂಟ್ ತುಂಬಿ, ಹಲ್ಲಿನ ಮೇಲಿಟ್ಟು ಬೆರಳಿನಿಂದ ಒತ್ತಿ, ಹತ್ತಿಯ ಸುರುಳಿ ಇಟ್ಟು "ಗಟ್ಟಿಯಾಗಿ ಕಚ್ಚು ಪುಟ್ಟಿ" ಎಂದರು. ಕಚ್ಚಿದಳು. ಮುಗಿಯಿತು. ಹದಿನೈದು ನಿಮಿಷವೂ ಹಿಡಿಯಲಿಲ್ಲ. ಅವಳು ಮುಖ ಕಿವುಚಿದ್ದು ಸಿಮೆಂಟಿನ ರುಚಿಗೆ.

ಆದರೆ ಹಲ್ಲನ್ನು ಸವೆಸದೆ ಮೇಲೆ ಕ್ಯಾಪ್ ಏರಿಸಿದ್ದರಿಂದ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಒಂದು ಹಲ್ಲು ಮೊದಲು ತಾಗಿ ಉಳಿದ ಕಡೆ ಸಂದು. ಮುಂಚೆಯೇ ಹೇಳಿದ್ದರೂ ಕಣ್ಣಾರೆ ಕಂಡಾಗ ಎದೆ ಧಸಕ್ಕೆಂದಿತು. ಮೊದಲ ವಾರ ಅನ್ನ-ಸಾರು, ಮೆತ್ತಗಿನ ಉಪ್ಪಿಟ್ಟು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆವು. ಮೂರನೆಯ ವಾರದ ಹೊತ್ತಿಗೆ ಹಲ್ಲುಗಳು ತಾವಾಗಿಯೇ ಹೊಂದಿಕೊಂಡು ಬಾಯಿ ಮೊದಲಿನಂತೆ ಮುಚ್ಚತೊಡಗಿತು. ದೊಡ್ಡವರ ಬಾಯಲ್ಲಿ ಇದು ಇಷ್ಟು ಬೇಗ ಹೊಂದಿಕೊಳ್ಳುವುದಿಲ್ಲವಂತೆ, ಬೆಳೆಯುವ ದವಡೆಗೆ ಆ ಔದಾರ್ಯ ಹೆಚ್ಚು.

ಶಾಲೆಯಲ್ಲಿ ಏನೆನ್ನುತ್ತಾರೋ ಎಂಬುದು ಹೆಂಡತಿಯ ದೊಡ್ಡ ಚಿಂತೆಯಾಗಿತ್ತು. ಮಗಳು ಮೊದಲ ದಿನವೇ ಬಲಗಡೆಯ ಕೆನ್ನೆ ಬೆರಳಿನಿಂದ ಎಳೆದು "ನನ್ನ ಬಾಯಲ್ಲಿ ಅಪ್ಪನ ಅಂಗಡಿಯ ವಾಟಿ ಇದೆ" ಎಂದು ತರಗತಿಗೆಲ್ಲ ತೋರಿಸಿ ಬಂದಳು. ಇಬ್ಬರು ಹುಡುಗರು ತಮಗೂ ಬೇಕೆಂದು ಮನೆಯಲ್ಲಿ ಅತ್ತರಂತೆ. ಆರು ಸಾವಿರದ ಬಿಳಿ ಹಲ್ಲನ್ನು ಯಾರೂ ಗಮನಿಸಲೇ ಇಲ್ಲ. ಗಮನಿಸದಿರಲಿ ಎಂದೇ ಅದನ್ನು ಹಾಕಿಸಿದ್ದು ಎನ್ನುತ್ತಾಳೆ ಹೆಂಡತಿ. ಅದೂ ಸರಿಯೇ. ನಾಲ್ಕು ವರ್ಷದ ನಂತರವೂ ಈ ವಾದ ಮನೆಯಲ್ಲಿ ಮುಗಿದಿಲ್ಲ. ಮದುವೆಯ ಫೋಟೋಗಳಲ್ಲಿ ಮಗಳು ಎಡಗೆನ್ನೆ ಮುಂದೆ ಮಾಡಿ ನಗುವುದನ್ನು ಕಲಿತಿದ್ದಾಳೆ, ಕಲಿಸಿದವರು ಯಾರೆಂದು ಹೇಳಬೇಕಾಗಿಲ್ಲ. ನನ್ನನ್ನು ಕೇಳುವ ಗಿರಾಕಿಗಳಿಗೆ, ಈಗ ಅವರ ಸಂಖ್ಯೆ ಕಡಿಮೆಯೇನಿಲ್ಲ, ನಾನು ಹೇಳುವುದಿಷ್ಟೇ: ಹಿಂದಿನ ದವಡೆಯಾದರೆ ಸ್ಟೀಲ್ ಹಾಕಿಸಿ, ಬೇಗ ಮುಗಿಯುತ್ತದೆ. ಮುಂದಕ್ಕೆ ಕಾಣುವುದಾದರೆ, ಮಗು ಕೂರುವುದಾದರೆ, ಕೈಯಲ್ಲಿ ಹಣವಿದ್ದರೆ, ಆಮೇಲೆ ಬಿಳಿಯ ಮಾತು. ಇದನ್ನು ಸ್ಟೀಲ್ ಮಾರುವವನು ಹೇಳುತ್ತಿದ್ದಾನೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕರದಂಟು ಮಾತ್ರ ಮನೆಗೆ ಬರುವುದಿಲ್ಲ. ಕ್ಯಾಪನ್ನು ಕಿತ್ತುಕೊಂಡು ಹೋಗುವ ಶಕ್ತಿ ಇರುವುದು ಅದಕ್ಕೇ. ಬೀಗರು ಈಗ ಖಾರ ಚುರಮುರಿ ತರುತ್ತಾರೆ.

ಹೋದ ತಿಂಗಳು ಎಡಗಡೆಯ ಬಿಳಿ ಕ್ಯಾಪ್ ಅಲುಗಾಡತೊಡಗಿತು. ಸಿಮೆಂಟ್ ಬಿಟ್ಟಿತೆಂದು ಹೆದರಿ ಫೋನ್ ಮಾಡಿದರೆ, ಅವಳಿಗೆ ಒಂಬತ್ತೂವರೆಯಾಯಿತು, ಒಳಗಿನ ಹಲ್ಲೇ ಬೀಳುವ ಕಾಲ ಎಂದರು ಡಾಕ್ಟರು. ಮೂರನೆಯ ದಿನ ಸೇಬು ಕಚ್ಚುವಾಗ ಕೈಗೆ ಬಂತು. ಕ್ಯಾಪಿನ ಒಳಗೆ ಹಲ್ಲಿನ ಚೂರು ಹಾಗೆಯೇ ಇತ್ತು. ಬೇರು ಕರಗಿ ಹೋಗಿತ್ತು, ಕ್ಯಾಪಿನ ಹೊಳಪು ಮಾತ್ರ ಒಂದಿಷ್ಟೂ ಮಾಸಿರಲಿಲ್ಲ. ಅವ್ವ ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಬೇಕೆಂದಳು. ನಮ್ಮ ಮನೆಗೆ ಹೆಂಚಿಲ್ಲ, ಆರ್‌ಸಿಸಿ. ಆರು ಸಾವಿರ ರೂಪಾಯಿಯನ್ನು ಸಗಣಿಯಲ್ಲಿಟ್ಟು ಎಸೆಯಲು ನನ್ನ ಕೈಯೂ ಬರಲಿಲ್ಲ. ಹೆಂಡತಿ ಅದನ್ನು ಕುಂಕುಮದ ಡಬ್ಬಿಯಲ್ಲಿಟ್ಟಳು.

ಸ್ಟೀಲಿನವು ಎರಡೂ ಇನ್ನೂ ಬಾಯಲ್ಲೇ ಇವೆ. ಮೊನ್ನೆ ಅಂಗಡಿಯಲ್ಲಿ ಹಳೆಯ ಪಾತ್ರೆ ತೂಕಕ್ಕೆ ಹಾಕಿ ಹೊಸದು ಕೊಳ್ಳುವ ಗಿರಾಕಿಯೊಬ್ಬರ ಜೊತೆ ನಾನು ಚೌಕಾಸಿಯಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ಮಗಳು ತಕ್ಕಡಿಯನ್ನೇ ನೋಡುತ್ತಿದ್ದು, "ಅಪ್ಪಾ, ನನ್ನ ವಾಟಿ ಬಿದ್ದ ಮೇಲೆ ತೂಕಕ್ಕೆ ಹಾಕಿದರೆ ಏನು ಕೊಡುತ್ತೀರಿ?" ಎಂದು ಕೇಳಿದಳು. ಹಳೆಯ ಸ್ಟೀಲಿನ ದರ ಹೇಳಿದೆ. ಬಹಳ ಕಡಿಮೆಯಾಯಿತು ಎಂದಳು.